ಕುಡ್ಲೆಯಿಂದ ಓಂ ಬೀಚ್‌ಗೆ ಮೊಮ್ಮಕ್ಕಳ ಜೊತೆ ಒಂದು ದಿನದ ನಡಿಗೆ: ಅಜ್ಜ-ಅಜ್ಜಿಯರಿಗೆ ಸಮಗ್ರ ಮಾರ್ಗದರ್ಶಿ

ಗೋಕರ್ಣದ ಓಂ ಬೀಚ್‌ಗೆ ಕಾರಿನಲ್ಲೇ ಹೋಗಬಹುದು. ಪಾರ್ಕಿಂಗ್‌ನಲ್ಲಿ ಇಳಿದು, ಮೆಟ್ಟಿಲು ಇಳಿದು, ನಾಲ್ಕು ಫೋಟೋ ತೆಗೆದು ವಾಪಸ್. ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಪಕ್ಕದ ಕುಡ್ಲೆ ಬೀಚ್‌ನಿಂದ ಗುಡ್ಡ ಹತ್ತಿ ನಡೆದು ಬಂದರೆ ಅದೇ ಓಂ ಬೀಚ್ ಬೇರೆಯಾಗಿ ಕಾಣುತ್ತದೆ. ಮಕ್ಕಳಿಗಂತೂ ಅದು ತಾವೇ ಹುಡುಕಿ ತೆಗೆದ ಕಡಲು. ಮನೆಗೆ ಬಂದ ಮೇಲೂ ವಾರಗಟ್ಟಲೆ ಅದೇ ಮಾತು.

ಇಂಥ ಪ್ರವಾಸದ ಲೆಕ್ಕವನ್ನು ಸಾಮಾನ್ಯವಾಗಿ ಮಕ್ಕಳ ಅಪ್ಪ-ಅಮ್ಮ ಹಾಕುತ್ತಾರೆ. ಅವರ ಕಾಲು ಗಟ್ಟಿ. ಅದಕ್ಕೇ ಅವರ ಪಟ್ಟಿಯಲ್ಲಿ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳೆಲ್ಲ ಒಂದೇ ದಿನ ಸೇರಿಬಿಡುತ್ತವೆ. ನನ್ನ ಕೇಳಿದರೆ ದಾರಿಯ ಅಳತೆ ಅಜ್ಜಿಯ ಮಂಡಿಗೂ ಚಿಕ್ಕ ಮಗುವಿನ ಹಟಕ್ಕೂ ಹೊಂದಬೇಕು. ಒಂದು ಗುಡ್ಡ, ಎರಡು ಬೀಚ್. ಅಷ್ಟು ಸಾಕು.

ದಾರಿ ಎಂಥದ್ದು, ಯಾರಿಗೆ ಆಗುತ್ತದೆ

ಗೋಕರ್ಣದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬೀಚ್‌ಗಳು ಸಾಲಾಗಿವೆ. ಮೊದಲು ಊರಿನ ದೊಡ್ಡ ಬೀಚ್. ಆಮೇಲೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಒಂದೊಂದರ ನಡುವೆಯೂ ಸಮುದ್ರಕ್ಕೆ ಚಾಚಿದ ಒಂದು ಗುಡ್ಡ. ಕುಡ್ಲೆ ಮತ್ತು ಓಂ ನಡುವಿನ ಗುಡ್ಡ ಇವುಗಳಲ್ಲಿ ಸುಲಭದ್ದು. ಹತ್ತುವಾಗ ಸ್ವಲ್ಪ ಏರು, ಮೇಲೆ ಸಪಾಟಾದ ಚೀರೆಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಬಯಲು, ಆಮೇಲೆ ಇಳಿಯಲು ಮೆಟ್ಟಿಲು. ದೊಡ್ಡವರು ಸುಮ್ನೆ ನಡೆದರೆ ಅರ್ಧ ಗಂಟೆ. ಮೊಮ್ಮಕ್ಕಳು ಜೊತೆಗಿದ್ದರೆ ಒಂದು ಗಂಟೆ ಇಟ್ಟುಕೊಳ್ಳಿ. ಕಲ್ಲು ಆರಿಸಬೇಕು, ಇರುವೆ ನೋಡಬೇಕು, ಎರಡು ಸಲ ಉಚ್ಚೆಗೆ ನಿಲ್ಲಬೇಕು. ಅದೂ ದಾರಿಯ ಲೆಕ್ಕದಲ್ಲೇ ಬರುತ್ತದೆ.

ಐದಾರು ವರ್ಷ ದಾಟಿದ ಮಗು ಆರಾಮಾಗಿ ನಡೆಯುತ್ತದೆ. ಅದಕ್ಕಿಂತ ಚಿಕ್ಕದಾದರೆ ಎತ್ತಿಕೊಳ್ಳುವ ಗಟ್ಟಿ ತೋಳು ಒಂದು ಜೊತೆಗಿರಲಿ. ಅದು ಅಜ್ಜನ ತೋಳಾಗುವುದು ಬೇಡ. ಮನೆಯಲ್ಲಿ ಒಂದು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತಿ ಇಳಿಯಬಲ್ಲ ಹಿರಿಯರಿಗೆ ಈ ದಾರಿ ಕಷ್ಟವಾಗಲಾರದು. ಎದೆ ನೋವು, ಉಬ್ಬಸ, ಇತ್ತೀಚಿನ ಆಪರೇಷನ್ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ.

ನಡೆಯಲಾಗದವರು ಮನೆಯಲ್ಲೇ ಉಳಿಯಬೇಕಿಲ್ಲ. ಈ ದಾರಿಯ ದೊಡ್ಡ ಅನುಕೂಲವೇ ಅದು. ಎರಡೂ ಬೀಚ್‌ಗಳ ಹತ್ತಿರದವರೆಗೆ ಗಾಡಿ ಬರುತ್ತದೆ. ಮಂಡಿ ನೋವಿನ ಅಜ್ಜಿ ಆಟೋದಲ್ಲಿ ಓಂ ಕಡೆಗೆ ಹೋಗಲಿ, ಉಳಿದವರು ನಡೆದು ಬರಲಿ. ಎಲ್ಲಿ, ಎಷ್ಟು ಗಂಟೆಗೆ ಸೇರುವುದು ಅಂತ ಬೇರೆಯಾಗುವ ಮೊದಲೇ ಮಾತಾಡಿಕೊಳ್ಳಿ. ಗುಡ್ಡದ ಮೇಲೆ ಫೋನ್ ಸಿಗ್ನಲ್ ನಂಬಿ ಕೂರಬೇಡಿ.

ದಿನ ಆರಿಸುವುದು

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ದಾಟಿದರೆ ಬಿಸಿಲು, ಬೆವರು ಎರಡೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಕಡಲು ರೌದ್ರವಾಗಿರುತ್ತದೆ. ಶಿವರಾತ್ರಿಯ ದಿನಗಳಲ್ಲಿ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉದ್ದ ರಜೆಯ ವಾರಾಂತ್ಯ, ಡಿಸೆಂಬರ್ ಕೊನೆಯ ವಾರ ಕೂಡ ಹಾಗೆಯೇ. ಆದಷ್ಟು ವಾರದ ನಡುವೆ ಬನ್ನಿ. ಶಾಲೆಗೆ ಒಂದು ದಿನ ಚಕ್ಕರ್ ಹೊಡೆಸುವುದು ಅಜ್ಜ-ಅಜ್ಜಿಯರ ಹಕ್ಕು ಅಂತ ನಾನು ನಂಬಿದ್ದೇನೆ.

ಇನ್ನು ಕಡಲಿನ ಉಬ್ಬರ-ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿನಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಪಂಚಾಂಗ ನೋಡುವ ಅಭ್ಯಾಸ ಇರುವವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ನಿಖರ ಸಮಯಕ್ಕೆ ಫೋನಿನಲ್ಲಿ ಕಾರವಾರದ ಉಬ್ಬರ-ಇಳಿತದ ಪಟ್ಟಿ ನೋಡಿ. ಬೆಳಿಗ್ಗೆ 9-10 ಗಂಟೆಯ ಹೊತ್ತಿಗೆ ಇಳಿತ ಇರುವ ದಿನ ಸಿಕ್ಕರೆ ಬಿಡಬೇಡಿ. ಮರಳು ಅಗಲವಾಗಿ ತೆರೆದಿರುತ್ತದೆ, ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತು ಏಡಿ, ಬಸವನಹುಳು, ಪುಟ್ಟ ಮೀನು ಕಾಣುತ್ತವೆ. ಮಕ್ಕಳಿಗೆ ಅಲೆಗಿಂತ ಈ ಗುಂಡಿಗಳೇ ಇಷ್ಟ.

ತಲುಪುವುದು, ಗಾಡಿ ನಿಲ್ಲಿಸುವುದು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ ಕಡೆಯವರಿಗೆ ಇದು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ಪ್ರಯಾಣ. ಹುಬ್ಬಳ್ಳಿಯವರು ನಸುಕಿಗೇ ಹೊರಡಬೇಕು. ಬೆಂಗಳೂರು, ಮೈಸೂರಿನವರು ಹಿಂದಿನ ರಾತ್ರಿ ಗೋಕರ್ಣದಲ್ಲೇ ಉಳಿಯುವುದು ಒಳ್ಳೆಯದು. ರೈಲು ಇಷ್ಟಪಡುವ ಮಕ್ಕಳಿದ್ದರೆ ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್‌ನಲ್ಲಿ ಇಳಿಯಬಹುದು. ಸ್ಟೇಷನ್ ಊರಿನೊಳಗಿಲ್ಲ, ಹೆದ್ದಾರಿಯ ಕಡೆ ಇದೆ. ಅಲ್ಲಿಂದ ಆಟೋ ಹಿಡಿಯಬೇಕು. ಆದರೆ ರಾತ್ರಿಯಿಡೀ ರೈಲಿನಲ್ಲಿ ಕುಣಿದ ಮಗುವನ್ನು ಅದೇ ಬೆಳಿಗ್ಗೆ ಗುಡ್ಡ ಹತ್ತಿಸಲು ಹೋಗಬೇಡಿ. ಆ ದಿನ ಊರು, ದೇವಸ್ಥಾನ ನೋಡಿ. ನಡಿಗೆ ಮರುದಿನಕ್ಕಿರಲಿ.

ಗಾಡಿಯ ವಿಷಯಕ್ಕೆ ಒಂದು ನಿಯಮ: ನಡಿಗೆ ಮುಗಿಯುವ ಕಡೆ ಗಾಡಿ ಇರಬೇಕು. ಬೆಳಿಗ್ಗೆ ಮೊದಲು ಓಂ ಬೀಚ್ ಪಾರ್ಕಿಂಗ್‌ನಲ್ಲಿ ಕಾರು ಬಿಡಿ. ಅಲ್ಲಿಂದ ಆಟೋದಲ್ಲಿ ಕುಡ್ಲೆಯ ಮೇಲ್ಭಾಗಕ್ಕೆ ಬನ್ನಿ. ಡ್ರೈವರ್ ಬೇರೆ ಇದ್ದರೆ ಇನ್ನೂ ಸುಲಭ. ನಿಮ್ಮನ್ನು ಕುಡ್ಲೆಯಲ್ಲಿ ಇಳಿಸಿ ಅವರು ಓಂ ಕಡೆ ಹೋಗಿ ಕಾಯಲಿ. ಉಲ್ಟಾ ಮಾಡಿದರೆ ಮಧ್ಯಾಹ್ನದ ಬಿಸಿಲಲ್ಲಿ, ಒದ್ದೆ ಬಟ್ಟೆಯ ಮಕ್ಕಳನ್ನು ಎಳೆದುಕೊಂಡು ಮತ್ತೆ ಗುಡ್ಡ ಹತ್ತಬೇಕಾಗುತ್ತದೆ. ಅಲ್ಲಿಗೆ ಇಡೀ ದಿನದ ಖುಷಿ ಹೋಯಿತು.

ಸಾಹಸ ಬೇಕೆನ್ನುವವರು ಊರಿನ ದೊಡ್ಡ ಬೀಚ್‌ನ ದಕ್ಷಿಣ ತುದಿಯ ರಾಮತೀರ್ಥದಿಂದಲೇ ಹತ್ತಿ ಕುಡ್ಲೆಗೆ ಬರಬಹುದು. ಅಲ್ಲಿ ಗುಡ್ಡದಿಂದ ಸಿಹಿನೀರಿನ ಒರತೆ ಬರುತ್ತದೆ, ನೋಡಲು ಚೆಂದ. ಚಿಕ್ಕ ಮಕ್ಕಳಿದ್ದರೆ ಆ ಹೆಚ್ಚುವರಿ ಗುಡ್ಡ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಚೀಲದಲ್ಲಿ ಏನಿರಬೇಕು

ಕಡಿಮೆ ಹೊರೆ, ಸರಿಯಾದ ಹೊರೆ. ಕೈಯಲ್ಲಿ ಹಿಡಿಯುವ ಬ್ಯಾಗ್ ಬೇಡ, ಬೆನ್ನಿಗೆ ಹಾಕುವುದಿರಲಿ. ಏರು-ಇಳಿತದಲ್ಲಿ ಎರಡೂ ಕೈ ಖಾಲಿ ಇರಬೇಕು.

- ದೊಡ್ಡವರಿಗೆ ತಲಾ ಎರಡು ಲೀಟರ್, ಮಕ್ಕಳಿಗೆ ತಲಾ ಒಂದು ಲೀಟರ್ ನೀರು. ಗುಡ್ಡದ ಮೇಲೆ ಅಂಗಡಿ ಸಿಗುತ್ತದೆ ಅಂತ ಎಣಿಸಬೇಡಿ.
- ಓಆರ್‌ಎಸ್ ಪೊಟ್ಟಣ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ.
- ಅಂಚಿರುವ ಟೋಪಿ, ಸನ್‌ಸ್ಕ್ರೀನ್, ತೆಳ್ಳನೆ ಉದ್ದ ತೋಳಿನ ಅಂಗಿ.
- ಒಬ್ಬರಿಗೊಂದು ಬೈರಾಸು (ಟವೆಲ್), ಮಕ್ಕಳಿಗೆ ಎರಡು ಜೊತೆ ಬಟ್ಟೆ. ನೀರು ಮುಟ್ಟುವುದಿಲ್ಲ ಅಂದುಕೊಂಡ ಮಗುವಿಗೂ ಒಂದು ಜೊತೆ ಇರಲಿ.
- ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಮುಲಾಮು, ಮುಳ್ಳು ತೆಗೆಯುವ ಚಿಮಟ, ಹಿರಿಯರ ಮಾತ್ರೆ.
- ಕಸಕ್ಕೆ ಒಂದು ಚೀಲ, ಒದ್ದೆ ಬಟ್ಟೆಗೆ ಒಂದು ಚೀಲ.

ಚಪ್ಪಲಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ. ಚೀರೆಕಲ್ಲಿನ ಮೇಲೆ ಸಣ್ಣ ಸಣ್ಣ ಉಂಡೆಯಂಥ ಕಲ್ಲುಗಳು ಬಿದ್ದಿರುತ್ತವೆ. ಇಳಿಜಾರಿನಲ್ಲಿ ಅವುಗಳ ಮೇಲೆ ಕಾಲಿಟ್ಟರೆ ಗೋಲಿಯ ಮೇಲೆ ನಿಂತ ಹಾಗೆ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಒರಟಾಗಿರುವ ಸ್ಯಾಂಡಲ್ ಒಳ್ಳೆಯದು. ಹೊಸದು ಕೊಂಡರೆ ಒಂದು ವಾರ ಮನೆ ಹತ್ತಿರ ಹಾಕಿ ನಡೆಯಲಿ. ಹಿರಿಯರಿಗೆ ಒಂದು ಊರುಗೋಲು ಇರಲಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ಹೆಚ್ಚು ಭಾರ ಬೀಳುತ್ತದೆ. ಸೀರೆಯೇ ಬೇಕು ಅನ್ನುವ ಅಜ್ಜಿಯರು ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಳ್ಳಲಿ. ಚೂಡಿದಾರ ಹಾಕಿದರೆ ಇನ್ನೂ ಹಗುರ. ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅಲ್ವಾ?

ಬಿಪಿಗೆ ಉಚ್ಚೆ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಆ ದಿನ ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ತಾವಾಗಿ ಬಿಡುವುದು ಬೇಡ.

ಬೆಳಿಗ್ಗೆ 7.30: ಕುಡ್ಲೆ

ಈ ಬೀಚ್‌ಗಳ ಮುಖ ಪಶ್ಚಿಮಕ್ಕೆ, ಬೆನ್ನಿಗೆ ಗುಡ್ಡ. ಹಾಗಾಗಿ ಬೆಳಗಿನ ಬಿಸಿಲು ಮರಳಿಗೆ ತಡವಾಗಿ ಇಳಿಯುತ್ತದೆ. ಆ ತಂಪಿನ ಹೊತ್ತನ್ನು ಕಳೆದುಕೊಳ್ಳಬೇಡಿ. ಮರಳಿನ ಮೇಲೆ ಕೂತು ತಿಂಡಿ ತಿನ್ನಿ. ಮನೆಯಿಂದ ತಂದ ಇಡ್ಲಿ ಅಥವಾ ಅವಲಕ್ಕಿ ಸಾಕು. ಎಣ್ಣೆಯದು ಬೇಡ, ಹತ್ತುವಾಗ ಹೊಟ್ಟೆ ಭಾರವಾಗುತ್ತದೆ.

ದನಗಳ ಮೇಲೊಂದು ಕಣ್ಣಿರಲಿ. ಗೋಕರ್ಣದ ಬೀಚ್‌ಗಳಲ್ಲಿ ಅವು ಸ್ವಂತ ಅಂಗಳದಂತೆ ಓಡಾಡುತ್ತವೆ. ಬಾಳೆಹಣ್ಣು ಕಂಡರೆ ನೇರ ಚೀಲಕ್ಕೇ ಬಾಯಿ. ಮಗುವಿನ ಕೈಯಲ್ಲಿ ಹಣ್ಣು ಕೊಟ್ಟು ಅತ್ತ ತಿರುಗಬೇಡಿ.

ಮಕ್ಕಳಿಗೆ ಇಲ್ಲಿ ಮಾಡಿಸಬೇಕಾದ ಒಂದು ಕೆಲಸವಿದೆ. ನೀರು ಇಳಿದ ಒದ್ದೆ ಮರಳಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಸಾಲಾಗಿ ಬಿದ್ದಿರುತ್ತವೆ. ಇವನ್ನು ಮಾಡುವುದು ಪುಟ್ಟ ಏಡಿಗಳು. ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಸೂಕ್ಷ್ಮ ಆಹಾರ ತಿಂದು, ಉಳಿದದ್ದನ್ನು ಉಂಡೆ ಮಾಡಿ ಎಸೆಯುತ್ತವೆ. ಅಲುಗಾಡದೆ ಎರಡು ನಿಮಿಷ ಕೂತರೆ ಬಿಲದಿಂದ ಹೊರಗೆ ಬರುತ್ತವೆ. ಎಂಥ ತುಂಟ ಮಗುವೂ ಆ ಎರಡು ನಿಮಿಷ ಸುಮ್ಮನಿರುತ್ತದೆ.

ಇಲ್ಲಿ ನೀರಿಗೆ ಪಾದ ಅದ್ದಿದರೆ ಸಾಕು. ಪೂರ್ತಿ ಒದ್ದೆಯಾದರೆ ಗುಡ್ಡ ಹತ್ತುವಾಗ ತೊಡೆ ಉಜ್ಜಿ ಉರಿಯುತ್ತದೆ. "ಆಟ ಓಂ ಬೀಚ್‌ನಲ್ಲಿ" ಅಂತ ಮೊದಲೇ ಹೇಳಿಟ್ಟಿರಿ.

8.45: ಗುಡ್ಡ

ಕುಡ್ಲೆಯ ದಕ್ಷಿಣ ತುದಿಗೆ ನಡೆಯಿರಿ. ಸಮುದ್ರಕ್ಕೆ ಮುಖ ಮಾಡಿ ನಿಂತರೆ ಅದು ಎಡಗೈ ಕಡೆ. ಅಲ್ಲಿಂದ ಕಾಲುದಾರಿ ಮೇಲಕ್ಕೆ ಹೋಗುತ್ತದೆ. ಎಲ್ಲಿ ಅಂತ ಗೊತ್ತಾಗದಿದ್ದರೆ ಅಲ್ಲಿನ ಅಂಗಡಿಯವರನ್ನು ಕೇಳಿ. ಬಂಡೆಗಳ ಮೇಲಿಂದ ಸಮುದ್ರದ ಅಂಚಿನಲ್ಲೇ ಸುತ್ತು ಹಾಕೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮಕ್ಕಳ ದಾರಿಯಲ್ಲ.

ಸಾಲು ಹೀಗಿರಲಿ: ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬ ದೊಡ್ಡವರು, ನಡುವೆ ಮಕ್ಕಳು. ಮುಂದಿನವರನ್ನು ಯಾರೂ ದಾಟಬಾರದು. ಮುಂದೆ ನಡೆಯುವವರು ಅಜ್ಜನೇ ಆದರೆ ವೇಗ ತಾನಾಗಿ ಸರಿಹೋಗುತ್ತದೆ. ಅಜ್ಜನ ಮಾನವೂ ಉಳಿಯುತ್ತದೆ, ಹಿಂದೆ ಬಿದ್ದವರು ಅನ್ನಿಸುವುದಿಲ್ಲ. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ಮಾತು ನಿಂತರೆ ಕೂತುಕೊಳ್ಳಿ.

ಮೇಲಿನ ಬಯಲಿನಲ್ಲಿ ಮರದ ನೆರಳು ಕಡಿಮೆ. ಚೀರೆಕಲ್ಲು ಬಿಸಿಲು ಏರಿದಂತೆ ಬಿಸಿಯಾಗುತ್ತದೆ. ಅದಕ್ಕೇ 10 ಗಂಟೆಯೊಳಗೆ ಇದನ್ನು ದಾಟಿಬಿಡಬೇಕು. ನೋಡಲು ಇಲ್ಲಿ ಸಾಕಷ್ಟಿದೆ. ಕೆಂಪು ರೆಕ್ಕೆ, ಬಿಳಿ ತಲೆಯ ಗರುಡ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದೃಷ್ಟವಿದ್ದರೆ ದೂರದ ನೀರಿನಲ್ಲಿ ಡಾಲ್ಫಿನ್ ಬೆನ್ನು ಕಾಣಬಹುದು. ಅಂಚಿನಿಂದ ಎರಡು ಮಾರು ಹಿಂದೆಯೇ ನಿಲ್ಲಬೇಕು ಅನ್ನುವುದು ದೊಡ್ಡವರಿಗೂ ಕಟ್ಟುನಿಟ್ಟಿನ ನಿಯಮ. ಬೆನ್ನು ಹಾಕಿ ಹಿಂದೆ ಸರಿಯುತ್ತಾ ಫೋಟೋ ತೆಗೆಸಿಕೊಳ್ಳುವುದು ಬೇಡ.

ಮಕ್ಕಳು "ಇನ್ನೂ ಎಷ್ಟು ದೂರ" ಅಂತ ಶುರು ಮಾಡುವುದು ಇಲ್ಲೇ. ಆಗ ರಾವಣನ ಕಥೆ ತೆಗೆಯಿರಿ. ಇದೇ ನೆಲದ ಕಥೆ. ಕೈಲಾಸದಿಂದ ಆತ್ಮಲಿಂಗ ತರುತ್ತಿದ್ದ ರಾವಣ, ನೆಲಕ್ಕೆ ಇಡಬಾರದು ಅನ್ನುವ ಷರತ್ತು, ಸಂಜೆಯಾದಂತೆ ತೋರಿಸಿದ ವಿಷ್ಣು, ದನ ಕಾಯುವ ಹುಡುಗನ ವೇಷದ ಗಣಪತಿ. ಹುಡುಗ ಮೂರು ಸಲ ಕೂಗುತ್ತಾನೆ, ರಾವಣ ಬರುವುದಿಲ್ಲ, ಲಿಂಗ ನೆಲ ಸೇರುತ್ತದೆ. ಆ ಮೂರು ಕೂಗನ್ನು ಮಕ್ಕಳಿಂದಲೇ ಕೂಗಿಸಿ. ಸಿಟ್ಟಿನಲ್ಲಿ ರಾವಣ ಎಸೆದ ಚೂರುಗಳು ಬಿದ್ದ ಜಾಗ ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಹತ್ತಿರದ ಶೆಜ್ಜೇಶ್ವರ ಅನ್ನುತ್ತಾರೆ. ಇದರಲ್ಲಿ ಉತ್ತರಕ್ಕೆ ಇರುವುದು ಯಾವುದು, ದಕ್ಷಿಣಕ್ಕೆ ಯಾವುದು ಅಂತ ಕೈ ತೋರಿಸಲು ಹೇಳಿ. ಸೂರ್ಯ ಬೆನ್ನ ಹಿಂದೆ, ಕಡಲು ಮುಂದೆ ಇದ್ದರೆ ಬಲಗೈ ಉತ್ತರ. ಕಥೆ ಮುಗಿಯುವ ಹೊತ್ತಿಗೆ ಓಂ ಬೀಚ್‌ಗೆ ಇಳಿಯುವ ಜಾಗ ಬಂದಿರುತ್ತದೆ.

ಇಳಿಯುವ ಮೊದಲು ಮೇಲಿನಿಂದ ನೋಡಿ. ಎರಡು ಅರ್ಧಚಂದ್ರ, ನಡುವೆ ಕಡಲಿಗೆ ಚಾಚಿದ ಬಂಡೆ. ಓಂ ಆಕಾರ ಗೊತ್ತಾಗುವುದು ಇಲ್ಲಿಂದಲೇ, ಕೆಳಗೆ ಹೋದರೆ ಕಾಣುವುದಿಲ್ಲ. ಮಕ್ಕಳು ಕೋಲಿನಿಂದ ಮಣ್ಣಿನ ಮೇಲೆ ಅದನ್ನು ಬರೆಯಲಿ.

10 ಗಂಟೆ: ಓಂ ಬೀಚ್, ಮತ್ತು ನೀರಿನ ನಿಯಮಗಳು

ಈ ಭಾಗವನ್ನು ಮಾತ್ರ ಅವಸರದಲ್ಲಿ ಓದಬೇಡಿ. ಗೋಕರ್ಣದ ಕಡಲಿನಲ್ಲಿ ಪ್ರವಾಸಿಗರು ಮುಳುಗಿ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತಿರುತ್ತದೆ. ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಸೆಳೆತ ಇರುತ್ತದೆ. ದಡಕ್ಕೆ ಬಂದ ನೀರು ವಾಪಸ್ ಹೋಗಲು ಒಂದು ಕಿರಿದಾದ ಓಣಿ ಮಾಡಿಕೊಳ್ಳುತ್ತದೆ. ಎರಡು ಕಡೆ ಬಿಳಿ ನೊರೆಯ ಅಲೆ ಮುರಿಯುತ್ತಿದ್ದು, ನಡುವೆ ಅಲೆಯೇ ಇಲ್ಲದ ಗಾಢ ಬಣ್ಣದ ಪಟ್ಟಿ ಕಂಡರೆ ಅದೇ ಆ ಓಣಿ. ಶಾಂತವಾಗಿದೆ ಅಂತ ಜನ ಅಲ್ಲೇ ಇಳಿಯುತ್ತಾರೆ. ಬಂಡೆಗಳ ಪಕ್ಕದಲ್ಲೂ ಇಂಥ ಸೆಳೆತ ಸಾಮಾನ್ಯ.

ಮೊದಲು ಜೀವರಕ್ಷಕರನ್ನು ಹುಡುಕಿ, ಇವತ್ತು ಎಲ್ಲಿ ಇಳಿಯಬಹುದು ಅಂತ ಕೇಳಿ. ಕೆಂಪು ಬಾವುಟ ಇದ್ದರೆ ನೀರಿನ ಆಟ ಇಲ್ಲ, ಮರಳಿನ ಆಟ ಮಾತ್ರ. ಮಗುವಿನ ಮಂಡಿಗಿಂತ ಮೇಲೆ ನೀರು ಬೇಡ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆ ಸಿಗುವ ದೂರದಲ್ಲಿ. "ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಹಾಗಾಗಿ ಸರದಿಯನ್ನು ಹೆಸರು ಹಿಡಿದು ಹೇಳಿ. ಸರದಿಯಲ್ಲಿರುವವರ ಕೈಯಲ್ಲಿ ಫೋನ್ ಇರಬಾರದು. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಗಾಳಿ ತುಂಬಿದ ಟ್ಯೂಬು, ಬಾತುಕೋಳಿ ಆಟಿಕೆ ತರಲೇಬೇಡಿ. ಗಾಳಿ ಅವನ್ನು ಮಗುವಿನ ಸಮೇತ ಒಳಗೆ ಒಯ್ಯುತ್ತದೆ.

ದೊಡ್ಡವರು ಯಾರಾದರೂ ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರ ಈಜಿ ಸುಸ್ತಾಗಬಾರದು. ತೇಲುತ್ತಾ ಕೈ ಎತ್ತಿ ಕೂಗಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ದಡದಲ್ಲಿರುವವರು ಹಿಂದೆಯೇ ಹಾರಬಾರದು. ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕೂಗಿ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108. ಗೋಕರ್ಣದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರ ಇದೆ, ದೊಡ್ಡ ಆಸ್ಪತ್ರೆಗೆ ಕುಮಟಾಕ್ಕೆ ಹೋಗಬೇಕು.

ನಡುವಿನ ಬಂಡೆ ಎಲ್ಲರನ್ನೂ ಕರೆಯುತ್ತದೆ. ಒಣಗಿದ ಭಾಗದಲ್ಲಿ ಕೈ ಹಿಡಿದು ನಿಂತರೆ ಸಾಕು. ಹಸಿರು ಅಥವಾ ಕಪ್ಪಾಗಿ ಹೊಳೆಯುವ ಕಲ್ಲು ಅಂದರೆ ಪಾಚಿ, ಅಲ್ಲಿ ಕಾಲಿಡಬೇಡಿ. ಕಲ್ಲು ಒದ್ದೆಯಾಗಿದೆ ಅಂದರೆ ಅಲೆ ಅಲ್ಲಿಯವರೆಗೆ ಬರುತ್ತದೆ ಅಂತ ಲೆಕ್ಕ.

ಮರಳಿನಲ್ಲಿ ಗುಂಡಿ ತೋಡುವುದಕ್ಕೂ ಮಿತಿ ಇದೆ. ಗುಂಪಿನ ಅತಿ ಚಿಕ್ಕ ಮಗುವಿನ ಮಂಡಿಯಷ್ಟೇ ಆಳ. ಒಣ ಮರಳು ಒಂದೇ ಸಲ ಕುಸಿಯುತ್ತದೆ, ಮೇಲೆ ಬಿದ್ದರೆ ಮಗು ಅಲುಗಾಡಲೂ ಆಗುವುದಿಲ್ಲ. ಹೋಗುವಾಗ ಗುಂಡಿ ಮುಚ್ಚಿ.

ಲೋಳೆಮೀನು (ಜೆಲ್ಲಿಫಿಶ್) ದಡಕ್ಕೆ ಬಿದ್ದಿದ್ದರೆ ಸತ್ತಂತೆ ಕಂಡರೂ ಮುಟ್ಟಬಾರದು. ಕುಟುಕಿದರೆ ಉಜ್ಜಬೇಡಿ, ಮರಳು ತಿಕ್ಕಬೇಡಿ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿರುವ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಉಸಿರಾಟ ಕಷ್ಟ, ವಾಂತಿ, ಮುಖ ಊತ ಕಂಡರೆ ತಕ್ಷಣ ಆಸ್ಪತ್ರೆ.

11.30ರ ನಂತರ: ನೆರಳು, ಊಟ

ಮಕ್ಕಳು ಕೂಗಾಡಿದರೂ 11.30ಕ್ಕೆ ನೀರಿನಿಂದ ಹೊರಗೆ. ಬೀಚ್ ಬದಿಯ ಹೋಟೆಲುಗಳಲ್ಲಿ ನೆರಳಿನಲ್ಲಿ ಕೂರಬಹುದು. ಅಲ್ಲಿನ ಪಟ್ಟಿಯಲ್ಲಿ ಪಾಸ್ತಾ, ಪ್ಯಾನ್‌ಕೇಕ್ ಜಾಸ್ತಿ. ಮಕ್ಕಳಿಗೆ ಖುಷಿ, ಅಜ್ಜನಿಗೆ ಸಂಕಟ. ಅದಕ್ಕೇ ಹಿರಿಯರಿಗೆ ಮೊಸರನ್ನ, ಉಪ್ಪಿನಕಾಯಿ ಒಂದು ಡಬ್ಬಿಯಲ್ಲಿ ಇರಲಿ. ನಿಮ್ಮ ಡಬ್ಬಿ ತೆರೆಯುವ ಮೊದಲು ಹೋಟೆಲಿನವರನ್ನು ಒಂದು ಮಾತು ಕೇಳಿ. ಮನೆಯಿಂದ ಮುರುಗಲು (ಕೋಕಂ) ಹಣ್ಣಿನ ಪಾನಕ ತಂದಿದ್ದರೆ ಅದನ್ನು ಈಗ ತೆಗೆಯಿರಿ, ಸ್ವಲ್ಪ ಉಪ್ಪು ಹಾಕಿ.

ಊಟದ ಮೇಲೆ ಎಲ್ಲರೂ ಒಂದು ಗಂಟೆ ಅಡ್ಡಾಗಲಿ.

ಹಾಫ್ ಮೂನ್‌ಗೆ ಹೋಗೋಣವಾ?

ಯಾರಾದರೂ ಕೇಳಿಯೇ ಕೇಳುತ್ತಾರೆ. ಓಂ ಬೀಚ್‌ನ ದಕ್ಷಿಣ ತುದಿಯಿಂದ ಇನ್ನೊಂದು ಗುಡ್ಡ ದಾಟಿದರೆ ಹಾಫ್ ಮೂನ್. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ದಾರಿ ಕೆಲವು ಕಡೆ ಕಿರಿದು, ಪಕ್ಕದಲ್ಲೇ ಇಳಿಜಾರು. ಹತ್ತು ವರ್ಷ ದಾಟಿದ ಮಕ್ಕಳು ಅಪ್ಪ-ಅಮ್ಮನ ಜೊತೆ ಹೋಗಿ ಬರಲಿ. ಮಧ್ಯಾಹ್ನ 3ಕ್ಕೆ ಹೊರಟು 4.30ರೊಳಗೆ ವಾಪಸ್ ಅನ್ನುವ ಕರಾರಿನ ಮೇಲೆ. ನಾವು ನೆರಳಿನಲ್ಲಿ ಚಿಕ್ಕದನ್ನು ಮಲಗಿಸಿಕೊಂಡು ಕೂರೋಣ. ಪ್ಯಾರಡೈಸ್ ಇನ್ನೂ ಮುಂದೆ, ಬಂಡೆ ಹತ್ತಿ ಇಳಿಯುವ ದಾರಿ. ಅದನ್ನು ಈ ದಿನದ ಲೆಕ್ಕದಿಂದಲೇ ತೆಗೆದುಬಿಡಿ. ಓಂ ಬೀಚ್‌ನಿಂದ ದೋಣಿ ಸಿಗುವುದುಂಟು. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇಲ್ಲ, ಮಗುವಿನ ಅಳತೆಯದು ಇಲ್ಲ ಅಂದರೆ ಹತ್ತಬೇಡಿ.

ವಾಪಸ್

ಡಿಸೆಂಬರ್‌ನಲ್ಲಿ ಸೂರ್ಯ ಸಂಜೆ 6 ದಾಟಿದ ಸ್ವಲ್ಪ ಹೊತ್ತಿಗೆ ಮುಳುಗುತ್ತಾನೆ. ಸೂರ್ಯಾಸ್ತ ನೋಡಬೇಕೆನ್ನುವ ಆಸೆ ಸಹಜ. ಹಾಗಿದ್ದರೆ ಬೆಳಕಿರುವಾಗಲೇ ಮೆಟ್ಟಿಲು ಹತ್ತಿ, ಮೇಲಿನಿಂದ ನೋಡಿ. ಕತ್ತಲಲ್ಲಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದು ಅಪಾಯ. ಹೊರಡುವ ಮೊದಲು ಕಸದ ಚೀಲ ಎಣಿಕೆಗೆ ಸಿಗಲಿ. ಮಕ್ಕಳನ್ನು ಮಾತ್ರ ಎರಡು ಸಲ ಎಣಿಸಿ.

ಮಹಾಬಲೇಶ್ವರ ದೇವಸ್ಥಾನಕ್ಕೆ ಅದೇ ಸಂಜೆ ಹೋಗುವ ಯೋಚನೆ ಇದ್ದರೆ ಮೊದಲು ಸ್ನಾನ, ಒಣ ಬಟ್ಟೆ. ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು, ಒಂದು ಪಂಚೆ ಕಾರಿನಲ್ಲಿಟ್ಟಿರಿ. ಮಕ್ಕಳು ಸುಸ್ತಾಗಿದ್ದರೆ ಬಲವಂತ ಬೇಡ, ದೇವರು ಎಲ್ಲಿಗೂ ಹೋಗುವುದಿಲ್ಲ.

ಕುಮಟಾ ಕಡೆ ಹೋಗುವವರು ಮಾರ್ಚ್ ಹೊತ್ತಿಗೆ ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ನೋಡುತ್ತೀರಿ. ಒಂದು ಗೊಂಚಲು ತೆಗೆದುಕೊಳ್ಳಿ. ಡಿಕ್ಕಿಯಲ್ಲಿ ಒದ್ದೆ ಬಟ್ಟೆಯ ಚೀಲದ ಪಕ್ಕ ಇಡಬೇಡಿ, ತೇವ ತಗುಲಿದರೆ ಕೊಳೆಯುತ್ತದೆ. ಮನೆಯಲ್ಲಿ ಗಾಳಿಯಾಡುವ ಕಡೆ ಹಾಗೇ ತೂಗುಹಾಕಿ.